ಪಾಚಿ ಮೇಡಂ

ಬಸ್ಸು ಕನಕಪುರದ ನಿಲ್ದಾಣ ಬಿಟ್ಟು ರಾಮನಗರದ ರಸ್ತೆಗೆ ಹೊರಳಿದಾಗ, ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಂಡಿದ್ದಳು ನಯನ. ಊರು ಮುಗಿದು ಹಿಪ್ಪುನೇರಳೆ ತೋಟಗಳು ಶುರುವಾಗುವಷ್ಟರಲ್ಲಿ ಆ ಧೈರ್ಯವೆಲ್ಲ ಒಂದು ವಾಕ್ಯ ಹುಡುಕುವ ಕಷ್ಟಕ್ಕೆ ಇಳಿದಿತ್ತು. ‘ಡಾಕ್ಟ್ರೇ, ಒಂದು ತಪ್ಪಾಗಿದೆ’ ಎನ್ನಬಹುದು. ಆದರೆ ತಪ್ಪಾಗಿದೆ ಎಂದರೆ ಮಳೆಯಾಗಿದೆ ಎಂದ ಹಾಗೆ. ತಾನಾಗಿ ಆದದ್ದು, ಯಾರೂ ಮಾಡಿದ್ದಲ್ಲ. ‘ತಪ್ಪು ಮಾಡಿದೆ’ ಎಂದರೆ ಅರ್ಧ ನಿಜ. ಉಳಿದರ್ಧಕ್ಕೆ ಮಾತು ಬಾಯಿಗಿರಲಿ, ಮನಸ್ಸಿಗೂ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾವುದೋ ಮದುವೆಗೆ ಹೊರಟವಳು. ಉಡುಗೊರೆಯ ಸ್ಟೀಲ್ ಕೊಳಗವನ್ನು ತೊಡೆಯ ಮೇಲಿಟ್ಟುಕೊಂಡೇ ನಿದ್ದೆ ಹೋಗಿದ್ದಳು. ತಿರುವಿನಲ್ಲಿ ಅವಳ ತಲೆ ವಾಲಿ ನಯನಳ ಭುಜಕ್ಕೆ ತಗುಲಿ ಅಲ್ಲೇ ನಿಂತಿತು. ಮುಡಿದ ಮಲ್ಲಿಗೆ, ಕೊಬ್ಬರಿ ಎಣ್ಣೆ, ಬೆವರು. ಸರಿಸಬಹುದಿತ್ತು. ನಯನ ಭುಜವನ್ನು ಒಸಿಯೂ ಅಲ್ಲಾಡಿಸದೆ, ಉಸಿರನ್ನು ಕೂಡ ನಿಧಾನ ಮಾಡಿ ಕೂತಳು. ಕೊನೆಯ ಸಲ ಯಾರು ತನ್ನ ಮೇಲೆ ಹೀಗೆ ಒರಗಿದ್ದರು ಎಂದು ನೆನೆಯಲು ನೋಡಿದಳು. ನೆನಪಿಗೆ ಬಂದದ್ದು ಸಾತನೂರಿನ ಕಡೆಯ ತಮ್ಮೂರ ಕೊಟ್ಟಿಗೆಯಲ್ಲಿ ಅಪ್ಪ ನರಸಯ್ಯ ಅವಳ ತೊಡೆಗೆ ಹಾಕಿದ್ದ, ತಾಯಿ ಸತ್ತ ಕುರಿಮರಿಯೊಂದರ ಒದ್ದೆ ಮೂತಿ ಮಾತ್ರ.

ಮಳೆಗಾಲದ ಶುರುವಿನಲ್ಲಿ ಹಲ್ಲುನೋವೆಂದು ಅವಳು ರಾಮನಗರದ ಆ ಕ್ಲಿನಿಕ್ಕಿಗೆ ಮೊದಲ ಸಲ ಹೋದದ್ದು. ಸಹೋದ್ಯೋಗಿಯೊಬ್ಬರು ಹೇಳಿದ್ದರು, ತಾಹೇರಾ ಡಾಕ್ಟ್ರು ನೋವಾಗದ ಹಾಗೆ ಮಾಡುತ್ತಾರೆ ಅಂತ. ಬೇರಿನವರೆಗೆ ಹುಳುಕಾಗಿದೆ, ನಾಲ್ಕೈದು ಸಲ ಬರಬೇಕಾಗುತ್ತದೆ ಎಂದಿದ್ದರು ಡಾಕ್ಟ್ರು. ಇಂಜೆಕ್ಷನ್ನಿಗೆ ಮುಖದ ಒಂದು ಭಾಗ ಮರಗಟ್ಟಿ, ತುಟಿ ಯಾರದೋ ತುಟಿಯ ಹಾಗೆ ತೂಗುತ್ತಿರುವಾಗ ಕಾಯುವ ಕೋಣೆಗೆ ಬಂದು ಕೂತವಳು ಎದುರಿಗಿದ್ದ ಗಾಜಿನ ತೊಟ್ಟಿಯನ್ನು ನೋಡಿದ್ದಳು. ಉಪ್ಪುನೀರಿನದು. ಒಳಗೆ ಸಮುದ್ರದ ಬಂಡೆ, ಬಿಳಿ ಮರಳು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಶಂಖದ ಹುಳಗಳು, ಬಂಡೆಯ ಮೇಲೆ ಮೊಣಕೈ ಊರಿ ಕೂತವನಂತೆ ಕೂತಿದ್ದ ಬೂದುಬಣ್ಣದ ಒಂದು ಮೀನು. ಮರಳಿನ ಮೇಲೆ ತುಕ್ಕಿನ ಬಣ್ಣದ ತೆಳು ಧೂಳು. ಆಯಾ ಬೋರಮ್ಮ ಬಟ್ಟೆ ಹಿಡಿದು ಗಾಜನ್ನು ಹೊರಗಿನಿಂದ ತಿಕ್ಕುತ್ತಾ, ‘ಎಷ್ಟ್ ಉಜ್ಜುದ್ರೂ ಹೋಗಾಕಿಲ್ಲ, ಒಳ್ಗಡೆ ಹಿಡ್ದೈತೆ’ ಎಂದು ಯಾರಿಗೋ ಹೇಳುತ್ತಿದ್ದಳು. ಯಾರೂ ಕೇಳದಿದ್ದರೂ ನಯನ ಬಾಯಿ ತೆರೆದಳು: ‘ಅದು ಡಯಾಟಮ್.’ ಮರಗಟ್ಟಿದ ನಾಲಿಗೆಯಿಂದ ಅದು ‘ದಯಾತಂ’ ಎಂದೇನೋ ಆಗಿ ಹೊರಟು, ಜೊತೆಗೆ ತುಟಿಯಂಚಿನಿಂದ ಜೊಲ್ಲೂ ಇಳಿಯಿತು. ಎದುರು ಕೂತಿದ್ದ ಹುಡುಗಿಯೊಬ್ಬಳು ನಕ್ಕು ಅಮ್ಮನ ಸೆರಗಿಗೆ ಮುಖ ಮುಚ್ಚಿದಳು. ಆದರೆ ತಾಹೇರಾ ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು ಬಾಗಿಲಿಗೆ ಬಂದು, ನಗದೆ, ‘ನಿಮಗೆ ಇದು ಗೊತ್ತಾ ಮೇಡಂ?’ ಎಂದು ಕೇಳಿದ್ದರು.

ಗೊತ್ತಾ ಎಂದು ಅವಳನ್ನು ಯಾರಾದರೂ ಕೇಳಿ ವರ್ಷಗಳಾಗಿದ್ದವು. ಕಾಲೇಜಿನಲ್ಲಿ ಸಸ್ಯಶಾಸ್ತ್ರಕ್ಕೆ ಸೇರುವವರು ವರ್ಷದಿಂದ ವರ್ಷಕ್ಕೆ ಕರಗುತ್ತಿದ್ದರು. ಬಂದ ಹುಡುಗರು ಅವಳ ಬೆನ್ನ ಹಿಂದೆ ಪಾಚಿ ಮೇಡಂ ಎನ್ನುತ್ತಿದ್ದರು. ಅವಳ ಓದೆಲ್ಲ ಕೆರೆಪಾಚಿಯ ಮೇಲೆ ಎಂದು ಯಾರೋ ಹೇಳಿದ್ದಿರಬೇಕು. ಹೆಸರೇನೋ ತಪ್ಪಲ್ಲ. ಚಿಕ್ಕಂದಿನಲ್ಲಿ ಕುರಿ ಹಿಂದೆ ಹೋದಾಗಲೆಲ್ಲ ಕೆರೆಯಂಚಿನ ಹಸಿರು ಲೋಳೆಯನ್ನು ಬೊಗಸೆಯಲ್ಲಿ ಎತ್ತಿ ಬಿಸಿಲಿಗೆ ಹಿಡಿದು ನೋಡುತ್ತಾ ನಿಲ್ಲುತ್ತಿದ್ದವಳು ಅವಳು. ‘ಏ ನಯ್ನೀ, ಜಾರಿ ಬಿದ್ದೀಯೆ, ಬುಡೇ ಅದ್ನ’ ಎಂದು ಅವ್ವ ಬೀರಮ್ಮ ಏರಿಯ ಮೇಲಿಂದ ಕೂಗುತ್ತಿದ್ದಳು. ಎಲ್ಲರೂ ಜಾರುವ ಜಾಗವೆಂದು ಕಾಲು ಎತ್ತಿ ದಾಟುವ ಲೋಳೆಯೊಳಗೆ ಅಷ್ಟು ಬೆಳಕು ಇರುವುದು ತನ್ನೊಬ್ಬಳಿಗೇ ಗೊತ್ತು ಎನ್ನುವ ಸುಖ ಅದು. ಆ ಸುಖ ಮುಂದೆ ಓದಾಯಿತು, ಕೆಲಸವಾಯಿತು, ಮದುವೆಯಾಗದ್ದಕ್ಕೆ ಕಾರಣವೂ ಆಯಿತು ಎಂದು ಮನೆಯವರು ಅನ್ನುತ್ತಿದ್ದರು. ಆದರೆ ಆವತ್ತು ತಾಹೇರಾ ಕೇಳಿದಾಗ ಅವಳು, ಇದೇನು ದೊಡ್ಡ ವಿಷಯವಲ್ಲ ಎಂಬಂತೆ ಕೈ ಆಡಿಸಿ ಕರವಸ್ತ್ರದ ಹಿಂದಿನಿಂದಲೇ ಹೇಳಿದ್ದಳು: ಅದೊಂದು ಸಣ್ಣ ಪಾಚಿ, ನೀರಿನಲ್ಲಿ ಸತ್ವ ಜಾಸ್ತಿಯಾಗಿದೆ, ಮೀನಿಗೆ ಹಾಕುವುದನ್ನು ಕಮ್ಮಿ ಮಾಡಿ, ನೀರು ಬದಲಿಸುತ್ತಾ ಬನ್ನಿ, ಹಸಿವಿಗೆ ತಾನೇ ಸಾಯುತ್ತದೆ.

ಹಾಗೆ ಶನಿವಾರಗಳು ಶುರುವಾದವು. ತೊಟ್ಟಿ ಇಟ್ಟದ್ದು ತಾಹೇರಾಳ ತಮ್ಮ ಸಾಬೀರ್. ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳು ಅದನ್ನು ನೋಡಿ ಅಳು ನಿಲ್ಲಿಸುತ್ತವೆ ಎಂದು ಆಸೆಪಟ್ಟು ಇಟ್ಟವನು, ಮಂಗಳೂರಿನಲ್ಲಿ ಕೆಲಸ ಸಿಕ್ಕಿತೆಂದು ಅಕ್ಕನ ತಲೆಗೆ ಕಟ್ಟಿ ಹೋಗಿದ್ದ. ನಯನ ಮಧ್ಯಾಹ್ನದ ಕ್ಲಾಸು ಮುಗಿಸಿ ಬಸ್ಸು ಹತ್ತುವಳು. ಉಪ್ಪು ಕದಡಿದ ನೀರನ್ನು ಬೋರಮ್ಮನ ಜೊತೆ ಬಕೆಟ್ಟಿನಿಂದ ತುಂಬಿಸುವಳು, ಮರಳಿನ ಮೇಲಿನ ಕಂದು ಧೂಳನ್ನು ಪೈಪಿನಿಂದ ಹೀರಿ ತೆಗೆಯುವಳು, ಹಿಡಿಯಷ್ಟಿದ್ದ ಮೀನಿನ ಆಹಾರವನ್ನು ಚಿಟಿಕೆಗೆ ಇಳಿಸುವಳು. ಕೆಲಸ ಮುಗಿದ ಮೇಲೆ ಕ್ಲಿನಿಕ್ಕಿನ ಹಿಂದಿನ ಮನೆಯಲ್ಲಿ ಚಹಾ. ಹಲ್ಲು ವಾಸಿಯಾದ ಮೇಲೂ ಚಹಾ ಇತ್ತು. ತಾಹೇರಾ ಕಾಲು ಮಡಚಿ ದಿವಾನದ ಮೇಲೆ ಕೂತು, ಗಂಡ ಬಿಟ್ಟುಹೋದ ವರ್ಷದ ಮಾತನ್ನೂ ಮೈಕೈ ನೋವಿನ ಮಾತನ್ನೂ ಒಂದೇ ದನಿಯಲ್ಲಿ ಆಡುವಳು. ಮಗಳು ಸಾನಾ ವಿಜ್ಞಾನದ ಪುಸ್ತಕ ತಂದು ನಯನಳ ಮೊಣಕಾಲಿಗೆ ಅಂಟಿ ಕೂರುವಳು. ಬೂದು ಮೀನಿಗೆ ಅವಳಿಟ್ಟ ಹೆಸರು ತಾತ. ಬಂಡೆ ಕೆರೆದು ಪಾಚಿ ತಿನ್ನುವ ಜಾತಿ ಅದು. ದಪ್ಪ ತುಟಿ, ಕಣ್ಣ ಮೇಲೆ ಎರಡು ಕುಚ್ಚು, ಯಾರು ಬಂದರೂ ತಲೆ ಹೊರಳಿಸಿ ಒಂದು ಸಲ ಪೂರ್ತಿ ನೋಡಿ ಮತ್ತೆ ತನ್ನ ಕೆಲಸಕ್ಕೆ ಹೋಗುವ ಠೀವಿ. ‘ನೀವು ಬಂದ್ರೆ ತಾತ ಮುಂದೆ ಬರುತ್ತೆ ಮೇಡಂ’ ಎನ್ನುತ್ತಿದ್ದಳು ಸಾನಾ. ತನ್ನ ತಮ್ಮ ಸಿದ್ದರಾಮುವಿನ ಮನೆಗೆ ಹೋದರೆ ಎಲ್ಲರೂ ನೆಲದ ಮೇಲೆ ಕೂತಿರುವಾಗ ಅವಳೊಬ್ಬಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೆ, ಧೂಳು ಒರೆಸಿ. ಇಲ್ಲಿ ಮೊದಲ ದಿನವೇ ತಾಹೇರಾ ದಿವಾನದ ಮೇಲಿದ್ದ ಒಗೆದ ಬಟ್ಟೆಗಳನ್ನು ಒಂದು ಕಡೆ ತಳ್ಳಿ, ‘ಇಲ್ಲೇ ಕೂತ್ಕೊಳ್ಳಿ’ ಎಂದಿದ್ದಳು.

ಕಂದು ಪಾಚಿ ಹೋಗಲಿಲ್ಲ. ಧೂಳಿನಂತಿದ್ದದ್ದು ಎಳೆಯಾಯಿತು, ಎಳೆ ಸಿಂಬಳದಂತೆ ಬಂಡೆಯಿಂದ ಜೋತಿತು, ತುದಿಯಲ್ಲಿ ಗಾಳಿಯ ಗುಳ್ಳೆ ಕಟ್ಟಿತು. ಬೆಳಗ್ಗೆ ಇಲ್ಲದಂತಿದ್ದು ಮಧ್ಯಾಹ್ನ ದೀಪ ಉರಿದ ಮೇಲೆ ಮತ್ತೆ ಹಬ್ಬುತ್ತಿತ್ತು. ಶಂಖದ ಹುಳಗಳು ಗಾಜಿನಿಂದ ಕಳಚಿ ಬಿದ್ದು ಅಂಗಾತ ಸತ್ತವು. ‘ಇನ್ನೂ ಸತ್ವ ಉಳಿದಿದೆ’ ಎಂದು ನಯನ ಊಟವನ್ನು ಇನ್ನಷ್ಟು ಇಳಿಸಿದಳು. ಒಂದು ಸೋಮವಾರ, ಜೀವಂತ ಡಯಾಟಮ್ ತೋರಿಸೋಣವೆಂದು ತೊಟ್ಟಿಯ ನೀರನ್ನು ಚಿಕ್ಕ ಶೀಶೆಯಲ್ಲಿ ಕಾಲೇಜಿಗೆ ಒಯ್ದು, ಒಂದು ಹನಿಯನ್ನು ಗಾಜಿನ ತುಂಡಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಹಿಡಿದಳು. ದೋಣಿಯಾಕಾರ ಇರುತ್ತೆ, ಗಾಜಿನ ಚಿಪ್ಪು, ನಿಧಾನಕ್ಕೆ ಜಾರುತ್ತೆ, ನೋಡಿ ಎಂದಳು. ಮೊದಲು ಕಣ್ಣಿಟ್ಟ ಹುಡುಗಿ, ‘ಮೇಡಂ, ಇವು ಜಾರ್ತಿಲ್ಲ, ಗಿರಗಿರ ಸುತ್ತುತಾ ಅವೆ’ ಎಂದಳು. ನಯನ ಅವಳನ್ನು ಸರಿಸಿ ತಾನೇ ನೋಡಿದಳು. ಕಣ್ಣೀರ ಹನಿಯ ಆಕಾರದ ನೂರಾರು ಕಂದು ಜೀವಗಳು, ಚೂಪು ತುದಿಯನ್ನು ಒಂದು ಕಡೆ ಕಚ್ಚಿಕೊಂಡು, ಗೂಟಕ್ಕೆ ಕಟ್ಟಿದ ಕರುಗಳಂತೆ ತಮ್ಮ ಸುತ್ತಲೇ ತಿರುಗುತ್ತಿದ್ದವು. ಅದರ ಹೆಸರು ಅವಳಿಗೆ ಗೊತ್ತಿತ್ತು. ಡೈನೋ ಎಂದು ಕರೆಯುವ ಸಮುದ್ರದ ಪಾಚಿ. ಮೈಯಲ್ಲಿ ವಿಷ ಇರುವುದು. ಬೇರೆ ಪಾಚಿಗಳು ಹಸಿವಿಗೆ ಸತ್ತು ಜಾಗ ಖಾಲಿಯಾದಾಗ, ಸ್ವಚ್ಛವಾದ ಬಡ ನೀರಿನಲ್ಲಿ, ತಾನೊಂದೇ ಹಬ್ಬುವುದು. ಅವಳು ಇಷ್ಟು ದಿನ ಕೊಟ್ಟ ಚಿಕಿತ್ಸೆಯೇ ಅದರ ಊಟವಾಗಿತ್ತು. ‘ಬೆಲ್ ಆಯ್ತು ಮೇಡಂ’ ಎಂದು ಹುಡುಗಿಯರು ಹೊರಟುಹೋದರು. ಅವಳು ಕಣ್ಣು ತೆಗೆಯಲಿಲ್ಲ. ನಾಚಿಕೆಗೂ ಮೊದಲು ಬಂದ ಭಾವನೆ, ಎಷ್ಟು ಚೆಂದ ಇವೆ ಎಂಬುದು.

ಆ ಸಂಜೆ ಫೋನು ಕೈಗೆತ್ತಿಕೊಂಡಿದ್ದಳು. ಚಿಕಿತ್ಸೆ ತಿಳಿದದ್ದೇ: ನೀರು ಬದಲಿಸುವುದನ್ನು ನಿಲ್ಲಿಸಬೇಕು, ಊಟ ಧಾರಾಳವಾಗಿ ಹಾಕಬೇಕು, ಕೆಲವು ದಿನ ತೊಟ್ಟಿಯನ್ನು ಕತ್ತಲಲ್ಲಿಡಬೇಕು. ಒಂದು ಫೋನಿನಲ್ಲಿ ಮುಗಿಯುವ ಮಾತು. ಆ ‘ಮುಗಿಯುವ’ ಎಂಬ ಮಾತಿನ ಹತ್ತಿರ ಬೆರಳು ನಿಂತಿತು. ಪಾಚಿ ಹೋದ ಮೇಲೆ ಶನಿವಾರ ಮಧ್ಯಾಹ್ನ ಅವಳು ರಾಮನಗರದಲ್ಲಿ ಏನೆಂದು ಇಳಿಯುವುದು? ಹಲ್ಲು ಸರಿಯಾಗಿತ್ತು. ಮುಖಾಮುಖಿ ಹೇಳುವುದು ಮರ್ಯಾದೆ, ಶನಿವಾರ ಹೇಳೋಣ ಎಂದುಕೊಂಡಳು. ಶನಿವಾರ ಬಂದಾಗ ತಾಹೇರಾ ಅವಳಿಗೆಂದೇ ಶಾವಿಗೆ ಪಾಯಸ ಮಾಡಿದ್ದಳು. ಮುಂದಿನ ಶನಿವಾರ ಹೇಳೋಣ. ಮುಂದಿನ ಶನಿವಾರ ಸಾನಾ ತೊಟ್ಟಿಯ ಮುಂದೆ ನಿಂತು, ‘ಮೇಡಂ, ತಾತ ಯಾಕೆ ಏನೂ ತಿಂತಿಲ್ಲ? ಹೊಟ್ಟೆ ಒಳಗೆ ಹೋಗ್ಬಿಟ್ಟಿದೆ’ ಎಂದು ಕೇಳಿದಳು. ಮೀನು ಕಂದು ಎಳೆಗಳ ನಡುವೆ ತುಟಿಯನ್ನು ಬಂಡೆಗೆ ತಂದು, ಮುಟ್ಟದೆ, ಹಿಂದೆ ಸರಿಯುತ್ತಿತ್ತು. ‘ಬಂಡೆ ತುಂಬ ಇದೆಯಲ್ಲ, ಹಸಿವಾದಾಗ ತಿನ್ನುತ್ತೆ ಬಿಡು’ ಎಂದಳು ನಯನ. ಎಂಥ ಶಾಂತವಾದ ದನಿಯಲ್ಲಿ ಹೇಳಿದ್ದಳು! ಪಾಠ ಮಾಡುವ ದನಿ. ಸಾನಾ ನಂಬಿದಳು. ಗಾಜಿಗೆ ಬೆರಳಿಟ್ಟು, ‘ತಿನ್ನಬೇಕಂತೆ ತಾತ’ ಎಂದು ಮೀನಿಗೂ ತಿಳಿಸಿದಳು.

ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು. ಮದುವೆಗೆ ಹೊರಟವಳು ಬೆಚ್ಚಿ ಎದ್ದು ತಲೆ ತೆಗೆದು, ನಾಚಿಕೆಯಿಂದ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಸಿದ್ದರಾಮು. ‘ಅಕ್ಕ, ಎಲ್ಲಿದ್ದೀಯ?’ ‘ಬಸ್ಸಲ್ಲಿ. ರಾಮನಗರಕ್ಕೆ ಹೋಗ್ತಿದೀನಿ.’ ‘ಅದೇನ್ ವಾರವಾರ್ವೂ ರಾಮನಗರ? ಹಲ್ ಇನ್ನೂ ವಾಸಿಯಾಗ್ನಿಲ್ವಾ?’ ‘ಇನ್ನೂ ಒಸಿ ಐತೆ’ ಎಂದಳು. ಮನೆಯವರ ಜೊತೆ ಬಾಯಿ ತಾನಾಗಿ ಊರಿಗೆ ಹೋಗುತ್ತದೆ, ಸುಳ್ಳು ಹೇಳುವಾಗಲೂ. ‘ಆಯ್ತು, ಹುಸಾರು ಕಣಕ್ಕ. ಸುಮ್ಕೆ ಮಾಡ್ದೆ’ ಎಂದು ಅವನು ಇಟ್ಟ. ಸುಮ್ಮನೆ ಮಾಡಿದೆ ಎಂದು ಹೇಳಿದವನನ್ನು ಯಾಕೆ ಅಷ್ಟು ಬೇಗ ಫೋನಿಡಲು ಬಿಟ್ಟೆ ಎನಿಸುವಷ್ಟರಲ್ಲಿ ರಾಮನಗರದ ಬಂಡೆಬೆಟ್ಟಗಳು ಕಂಡವು. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗಳ ಬೆಂದ ಹುಳುವಿನ ವಾಸನೆ ಬಸ್ಸಿನೊಳಗೆ ಬಂತು.

ಕ್ಲಿನಿಕ್ಕಿನಲ್ಲಿ ಯಾರೋ ಒಬ್ಬ ಮುದುಕರು ದವಡೆ ಹಿಡಿದು ಕೂತಿದ್ದರು. ಬೋರಮ್ಮ ಅವಳನ್ನು ನೋಡಿ ಎದ್ದು ಬಂದು ದನಿ ತಗ್ಗಿಸಿದಳು. ‘ತಾತ ಹೊಂಟೋಯ್ತು ಕಣಮ್ಮ. ನಿನ್ನೆ ಬೆಳಿಗ್ಗೆ ನೋಡ್ತೀನಿ, ಮಳ್ಳಿನ್ ಮ್ಯಾಲೆ ಮನೀಕಂಡೈತೆ. ಮಗು ಇಸ್ಕೂಲ್ಗೆ ಹೋಗ್ನಿಲ್ಲ.’ ನಯನ ತೊಟ್ಟಿಯ ಕಡೆ ನೋಡಿದಳು. ತಾತ ಕೂರುತ್ತಿದ್ದ ಬಂಡೆಯ ಅಂಚು ಕಂದು ಎಳೆಗಳಿಂದ ಮುಚ್ಚಿ, ದೀಪದ ಕೆಳಗೆ ಗುಳ್ಳೆಗಳೊಂದಿಗೆ ಮಿನುಗುತ್ತಿತ್ತು. ಕಿತ್ತಳೆ ಮೀನುಗಳು ಮೂಲೆಯೊಂದರಲ್ಲಿ ಒತ್ತಾಗಿ ನಿಂತಿದ್ದವು. ಎದೆಯೊಳಗೆ ಏನೋ ಕಳಚುತ್ತದೆ ಎಂದು ಕಾದಳು, ಕಳಚಲಿಲ್ಲ. ಅಪ್ಪ ಕುರಿ ಸತ್ತರೆ ಸತ್ತಿತು ಎನ್ನುತ್ತಿರಲಿಲ್ಲ, ನಮ್ಮ ಕೈ ತಪ್ಪಿತು ಎನ್ನುತ್ತಿದ್ದ.

ತಾಹೇರಾ ಒಳಗಿನಿಂದ ಬಂದಳು. ‘ಬನ್ನಿ ಮೇಡಂ’ ಎಂದವಳು ಚಹಾದ ಕೋಣೆಗೆ ಕರೆಯದೆ ತೊಟ್ಟಿಯ ಪಕ್ಕದಲ್ಲೇ ನಿಂತಳು. ‘ನಿಮಗೆ ಹೇಳಬೇಕು ಅಂತಿದ್ದೆ. ನಿನ್ನೆ ಬೆಂಗಳೂರಿಂದ ಒಬ್ಬರನ್ನ ಕರೆಸಿದ್ದೆ, ಇಂಥ ತೊಟ್ಟಿ ನೋಡ್ಕೊಳ್ಳೋರು. ಬೇಜಾರು ಮಾಡ್ಕೋಬೇಡಿ. ಸಾನಾ ಅಳೋದು ನೋಡೋಕಾಗ್ಲಿಲ್ಲ.’

‘ಬೇಜಾರೇನು.’

‘ಇದು ನೀವು ಅಂದ್ಕೊಂಡಿದ್ದ ಜಾತಿ ಅಲ್ವಂತೆ. ನೀರು ತೀರಾ ಸ್ವಚ್ಛ ಮಾಡಿದ್ರೆ ಇದು ಇನ್ನೂ ಜಾಸ್ತಿ ಆಗುತ್ತಂತೆ. ವಿಷ ಬೇರೆ. ಯಾರ್ರೀ ಇದನ್ನ ಉಪವಾಸ ಕೆಡವಿದ್ದು ಅಂತ ಕೇಳಿದ್ರು.’

‘ಏನಂದ್ರಿ?’

‘ನಾನೇ ಅಂದೆ. ಅದೂ ಇದೂ ನೋಡಿ ನಾನೇ ಮಾಡ್ಬಿಟ್ಟೆ ಅಂತ.’ ತಾಹೇರಾ ನಕ್ಕಳು. ‘ನಿಮ್ಮ ಹೆಸರು ಯಾಕೆ ಸುಮ್ನೆ. ಅಷ್ಟು ದೂರದಿಂದ ಬಂದು ಕೈ ಒದ್ದೆ ಮಾಡ್ಕೊಂಡಿದ್ದೀರ. ತಪ್ಪು ಯಾರಿಗಾದ್ರೂ ಆಗುತ್ತೆ.’

ತಪ್ಪು ಆಗುತ್ತೆ. ಅಲ್ಲಿಗೆ ಎಲ್ಲ ಮುಗಿದಿತ್ತು. ಹ್ಞೂಂ ಎಂದರೆ ಸಾಕಿತ್ತು. ತಲೆ ತಗ್ಗಿಸಿ, ಛೇ ಎಂದು, ಸಾನಾಳನ್ನು ಕರೆದು ಸಮಾಧಾನ ಮಾಡಿ, ಹಿಂದಿನ ಕೋಣೆಗೆ ಹೋಗಿ ಒಗೆದ ಬಟ್ಟೆಗಳ ಪಕ್ಕ ಕೂರಬಹುದಿತ್ತು. ತನ್ನ ಬದಲು ಒಬ್ಬರು ಅಪರಿಚಿತನ ಮುಂದೆ ಬೈಸಿಕೊಂಡಿದ್ದಾರೆ ಎಂಬುದು ಅವಳ ಬದುಕಿನಲ್ಲಿ ಇದುವರೆಗೆ ಆಗಿರದ ಸಂಗತಿ. ಬೆಚ್ಚಗಿದ್ದ ಅದನ್ನು ಕೈಯಾರೆ ಕೆಳಗಿಡಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಅದು ಬೇರೆ ಯಾರಿಗೋ ಸಲ್ಲಬೇಕಾದ್ದು ಎನಿಸಿತು. ನಿಜವಾಗಿಯೂ ತಪ್ಪಾಗಿಹೋದ ಇನ್ನೊಬ್ಬ ನಯನಳಿಗೆ.

‘ನನಗೆ ಗೊತ್ತಿತ್ತು ಡಾಕ್ಟ್ರೇ’ ಎಂದಳು.

‘ಏನು?’

‘ಅವರು ಹೇಳಿದ್ದೆಲ್ಲ. ಮೊದಲು ಗೊತ್ತಿರಲಿಲ್ಲ. ಹೋದ ತಿಂಗಳು ಕಾಲೇಜಲ್ಲಿ ನೋಡಿದೆ. ಆಗ ಗೊತ್ತಾಯ್ತು. ಹೇಳಲಿಲ್ಲ. ಸಾನಾ ಕೇಳಿದಾಗಲೂ ಗೊತ್ತಿತ್ತು.’

ತಾಹೇರಾಳ ಮುಖದಲ್ಲಿ ನಗೆ ಇನ್ನೂ ಇತ್ತು, ಇಳಿಸಲು ಮರೆತವಳಂತೆ. ‘ಗೊತ್ತಿದ್ದೂನಾ? ಯಾಕೆ ಮೇಡಂ?’

ಬಸ್ಸಿನಲ್ಲಿ ಹುಡುಕಿದ್ದ ವಾಕ್ಯ ಈಗ ಬಂತು, ಬೇಡದ ರೂಪದಲ್ಲಿ ಬಂತು. ‘ಇದು ವಾಸಿಯಾಗಿಬಿಟ್ಟರೆ ನಾನು ಇಲ್ಲಿಗೆ ಯಾಕೆ ಬರಬೇಕು?’ ಕೇಳುವವರಿಗೆ ಅದು ಜಗಳದ ಮಾತಿನಂತೆ, ಉಪಕಾರ ಎತ್ತಿ ಆಡಿದಂತೆ ಕೇಳಿಸಿರಬೇಕು. ದವಡೆ ಹಿಡಿದಿದ್ದ ಮುದುಕರು ತಲೆ ಎತ್ತಿದರು.

ತಾಹೇರಾ ಅವಳನ್ನೇ ನೋಡಿದಳು. ರೋಗಿಯ ಬಾಯಿಯೊಳಗೆ ನೋಡುವ ನೋಟವಲ್ಲ ಅದು, ಚಹಾದ ಕೋಣೆಯ ನೋಟವೂ ಅಲ್ಲ. ಆಮೇಲೆ ಮೆಲ್ಲಗೆ, ಯಾರಿಗೋ ಆದ ನಷ್ಟವನ್ನು ಹೇಳುವಂತೆ, ‘ನೀವು ಸುಮ್ನೆ ಬರಬಹುದಿತ್ತಲ್ಲ ಮೇಡಂ’ ಎಂದಳು. ಒಳಗಿನ ಬಾಗಿಲ ಕಡೆ ಒಂದು ಸಲ ತಿರುಗಿ ನೋಡಿ ಸೇರಿಸಿದಳು: ‘ಸಾನಾಗೆ ಇದನ್ನ ಹೇಳಬೇಡಿ. ನಿಮ್ಮನ್ನ ಕಂಡ್ರೆ ಅವಳಿಗೆ…’ ಮಾತು ಅಲ್ಲೇ ಬಿಟ್ಟು, ಮಾಸ್ಕನ್ನು ಮೇಲಕ್ಕೆ ಎಳೆದುಕೊಂಡು, ‘ಬನ್ನಿ ತಾತ, ಒಳಗೆ ಬನ್ನಿ’ ಎಂದು ಮುದುಕರನ್ನು ಕರೆದಳು. ಅದು ಆ ಮುದುಕರನ್ನು ಕರೆದದ್ದೆಂದು ತಿಳಿಯಲು ನಯನಳಿಗೆ ಒಂದು ಕ್ಷಣ ಬೇಕಾಯಿತು.

ಮೂಲೆಯ ಮೇಜಿನ ಮೇಲೆ ಮಡಚಿದ ಕಪ್ಪು ಬಟ್ಟೆ ಇತ್ತು. ಇವತ್ತು ಸಂಜೆಯಿಂದ ದೀಪ ಆರಿಸಿ ತೊಟ್ಟಿಯನ್ನು ಮುಚ್ಚಬೇಕೆಂದು ಬೆಂಗಳೂರಿನವನು ಹೇಳಿಹೋಗಿದ್ದನಂತೆ. ಬೋರಮ್ಮ ಒಬ್ಬಳೇ ಅದನ್ನು ಬಿಡಿಸಲು ಒದ್ದಾಡುತ್ತಿದ್ದಳು. ನಯನ ಹೋಗಿ ಇನ್ನೊಂದು ತುದಿ ಹಿಡಿದಳು. ‘ಕತ್ಲೇಲಿ ಅವಕ್ಕೆ ಭಯ ಆಗಾಕಿಲ್ವಾ?’ ಎಂದಳು ಬೋರಮ್ಮ. ‘ಮೀನಿಗೆ ಏನೂ ಆಗಲ್ಲ. ಊಟ ಮಾತ್ರ ತಪ್ಪಿಸಬೇಡಿ. ಮೂಲೆ ಎತ್ತಿ ಹಾಕಿ, ಜಾಸ್ತಿನೇ ಹಾಕಿ.’ ‘ಅಯ್ಯೋ, ನೀವೇ ಅಲ್ವಾ ಹಾಕ್ಬ್ಯಾಡಿ ಅಂದಿದ್ದು?’ ‘ಹೌದು, ನಾನೇ’ ಎಂದಳು. ಆ ಮಾತು ಇಷ್ಟು ಸುಲಭವೇ ಎಂದು ಆಶ್ಚರ್ಯವಾಯಿತು. ಕಪ್ಪು ಬಟ್ಟೆಯ ಕೆಳಗೆ ಕಿತ್ತಳೆ ಬಣ್ಣ ಕೊನೆಯದಾಗಿ ಒಂದು ಸಲ ಹೊರಳಿ ಕಾಣದಾಯಿತು. ಕೈ ಒರೆಸಿಕೊಂಡು ಹೊರಟಾಗ ಒಳಗಿನಿಂದ ಯಂತ್ರದ ಸದ್ದು ಬರುತ್ತಿತ್ತು. ಯಾರೂ ತಡೆಯಲಿಲ್ಲ. ಬೋರಮ್ಮ ಮಾತ್ರ, ‘ಟೀ ಕುಡೀನಿಲ್ವಲ್ಲಮ್ಮ’ ಎಂದಳು.

ಹಿಂತಿರುಗುವ ಬಸ್ಸು ಖಾಲಿಯಿತ್ತು. ಬರಬಹುದಿತ್ತು. ಬರಬಹುದು ಎಂದಿದ್ದರೆ ಬಾಗಿಲು ತೆರೆದಿದೆ ಎಂದಾಗುತ್ತಿತ್ತು. ಬರಬೇಡಿ ಎಂದಿದ್ದರೆ ಮುಚ್ಚಿದೆ ಎಂದು. ಬರಬಹುದಿತ್ತು ಎಂದರೆ ಇಷ್ಟು ದಿನವೂ ಬಾಗಿಲು ತೆರೆದೇ ಇತ್ತು, ಕಾರಣ ಕೇಳದೆ, ಕೈಯಲ್ಲಿ ಪೈಪು ಬಕೆಟ್ಟು ಇಲ್ಲದೆಯೂ. ಅದನ್ನು ಕಾಣದಿದ್ದವಳು ಅವಳೊಬ್ಬಳೇ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹಿಪ್ಪುನೇರಳೆ ತೋಟಗಳ ಮೇಲೆ ಸಂಜೆ ಇಳಿಯುತ್ತಿತ್ತು. ಯಾವುದೋ ಹಳ್ಳಿಯ ಹತ್ತಿರ ಕುರಿಮಂದೆ ರಸ್ತೆ ದಾಟುವವರೆಗೆ ಬಸ್ಸು ನಿಂತಿತು; ಕೊನೆಯ ಕುರಿ ಕುಂಟುತ್ತಾ ದಾಟುವವರೆಗೂ ಕಾಯುವವನ ತಾಳ್ಮೆಯನ್ನು ಅವಳು ನೋಡುತ್ತಾ ಕೂತಳು.

ಕನಕಪುರದಲ್ಲಿ ಅವಳು ಬಾಡಿಗೆಗಿದ್ದದ್ದು ಕರಿಯಪ್ಪನವರ ಮನೆಯ ಮಹಡಿಯಲ್ಲಿ. ಇಷ್ಟು ವರ್ಷಗಳಲ್ಲಿ ಕೆಳಮನೆಯ ಬಾಗಿಲು ತಟ್ಟಿದ್ದೆಲ್ಲ ನೀರು ಬರದಿದ್ದಾಗ, ಕರೆಂಟು ಹೋದಾಗ, ಬಾಡಿಗೆ ಕೊಡುವಾಗ. ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟವಳು ನಿಂತಳು. ಕೆಳಮನೆಯಲ್ಲಿ ದೀಪ ಉರಿಯುತ್ತಿತ್ತು, ಸಾಸಿವೆ ಸಿಡಿಯುವ ಸದ್ದು ಬರುತ್ತಿತ್ತು. ಕಾಲು ಹಿಂದಕ್ಕೆ ತೆಗೆದು ಬಾಗಿಲು ತಟ್ಟಿದಳು.

ಕರಿಯಪ್ಪನವರ ಹೆಂಡತಿ ಸೌಟು ಹಿಡಿದುಕೊಂಡೇ ಬಂದರು. ‘ಏನ್ ಮೇಡಂ, ನೀರ್ ಬತ್ತಿಲ್ವಾ?’

‘ಬರ್ತಿದೆ.’

‘ಮತ್ತೆ?’

‘ಏನಿಲ್ಲ. ಸುಮ್ಕೆ ಬಂದೆ.’

‘ಸುಮ್ಕೇನಾ?’ ಎಂದು ಆಕೆ ಅವಳ ಮುಖ ನೋಡಿದರು, ಅವಳ ಖಾಲಿ ಕೈ ನೋಡಿದರು. ಒಳಗೆ ಒಗ್ಗರಣೆ ಹೊತ್ತಿದ ವಾಸನೆ ಎದ್ದಿತು. ‘ಅಯ್ಯೋ, ಒಸಿ ಇರಿ’ ಎಂದು ಬಾಗಿಲನ್ನು ಹಾಗೇ ಬಿಟ್ಟು ಒಳಗೆ ಓಡಿದರು. ಒಳಗೆ ಬನ್ನಿ ಎಂದಿರಲಿಲ್ಲ. ಹೋಗಿ ಎಂದೂ ಅಂದಿರಲಿಲ್ಲ. ನಯನ ಹೊಸಿಲಿನ ಈಚೆ ಒಂದಷ್ಟು ಹೊತ್ತು ನಿಂತಿದ್ದು, ಬಗ್ಗಿ, ಒಂದು ಕಾಲಿನ ಚಪ್ಪಲಿ ಬಿಚ್ಚಿದಳು.